ಒಂಬತ್ತನೇ ಗುಂಡಿಯಲ್ಲಿ ಇಲ್ಲದ ಮೊಟ್ಟೆಗಳು

ಚೆಕಿಂಗ್ ಸಾರ್ ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಅವರ ಕಸುಬೇ ಅದಾಗಿತ್ತು. ಮೂವತ್ತೆರಡು ವರ್ಷ ನಡುದಾರಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದು, ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳಿಯುವಷ್ಟರಲ್ಲಿ ಯಾರ ಹತ್ತಿರ ಟಿಕೆಟ್ ಇಲ್ಲ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಟಿಕೆಟ್ ಇಲ್ಲದ ದಡ್ಡ ಕಿಟಕಿಯ ಹೊರಗೆ ನೋಡುತ್ತಾನೆ, ಪಳಗಿದವನು ನಮ್ಮ ಮುಖವನ್ನೇ ನೋಡಿ ನಗುತ್ತಾನೆ ಎಂದು ಅವರು ಎಷ್ಟೋ ಸಲ ನಮಗೆ ಹೇಳಿದ್ದಾರೆ. ಹಾಗಾಗಿ ಯಾರಾದರೂ ಎದುರಿಗೆ ಬಂದು ನಕ್ಕರೆ ಸಾಕು, ಅವರ ಹುಬ್ಬು ಗಂಟಾಗುತ್ತಿತ್ತು.

ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದರು. ನಾನು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಕೈ ಸಡಿಲ ಮಾಡಿಸಲು ಒಂದು ಅಂಗಿ ಕೊಡಲು ಹೋದಾಗ ಅವರೇ ಹೇಳಿದ್ದು: "ಮದುವೆ ಆಗಿ ಬಂದ ಮೂರನೇ ದಿನ ನನ್ನ ಟ್ರಂಕ್ ತೆಗೆದು ನೋಡಿದ್ರು ಕಣಮ್ಮ. ಏನ್ ಸಿಗ್ತು? ನಮ್ಮಮ್ಮನ ಹಳೇ ಶಾಲು. ಟಿಕೆಟ್ ಇಲ್ದೆ ಈ ಮನೆಗೆ ಹತ್ತಿದವಳು ನಾನೊಬ್ಳೇ ಅಂತ ಆಗ್ಲೇ ಗೊತ್ತಾಯ್ತು."

ಒಳಗಿನಿಂದ ಸಾರ್ ಕೂಗಿದರು: "ಮೂರನೇ ದಿನ ಅಲ್ಲ, ಎರಡನೇ ದಿನ."

ನಿವೃತ್ತಿಯ ನಂತರ ಸಕ್ಕರೆ ಕಾಯಿಲೆಗೆಂದು ವೈದ್ಯರು ದಿನಾ ನಡೆಯಲು ಹೇಳಿದರು. ಸಾರ್ ಬೆಳಗಾಗುವ ಹೊತ್ತಿಗೆ ಸಮುದ್ರದ ದಂಡೆಗೆ ಬರತೊಡಗಿದರು. ಅಲ್ಲಿ ನಾವಿದ್ದೆವು. ಏಳೆಂಟು ಜನ, ಕೈಯಲ್ಲಿ ಬಕೆಟ್ಟು, ಮರಳಿನ ಮೇಲೆ ಬಗ್ಗಿಕೊಂಡು ಏನನ್ನೋ ಅಗೆದು, ಆ ಕಡೆ ಈ ಕಡೆ ನೋಡಿ ಬಕೆಟ್ಟಿಗೆ ತುಂಬಿಕೊಂಡು ಹೋಗುವವರು. ಅವರ ಕಣ್ಣಿಗೆ ಇಷ್ಟು ಸಾಕಲ್ಲವೇ? ಮೂರು ದಿನ ದೋಣಿಯ ಮರೆಯಲ್ಲಿ ನಿಂತು ನೋಡಿದರಂತೆ. ನಾಲ್ಕನೆಯ ದಿನ ನೇರವಾಗಿ ನಮ್ಮ ಮುಂದೆ ಬಂದು ನಿಂತು, ಬಸ್ಸಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ, "ಬಕೆಟ್ ತೋರಿಸಿ" ಎಂದರು.

ನಮ್ಮ ಗುಂಪಿನ ಮುಂದಾಳು ಹಲ್ಲಿನ ಡಾಕ್ಟರಮ್ಮ. ಪೇಟೆಯಲ್ಲಿ ಅವರ ದವಾಖಾನೆ ಇದೆ. ಹತ್ತು ಗಂಟೆಗೆ ಅಲ್ಲಿ ಹಲ್ಲು ಕೀಳುವ ಮೊದಲು ಬೆಳಗ್ಗೆ ಇಲ್ಲಿ ಕಡಲಾಮೆಯ ಮೊಟ್ಟೆ ಎತ್ತುತ್ತಿದ್ದರು. ಅವರು ಬಕೆಟ್ಟಿನ ಮೇಲಿನ ಒದ್ದೆ ಬಟ್ಟೆ ಸರಿಸಿದರು. ಒಳಗೆ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಮೊಟ್ಟೆಗಳು, ನೂರಕ್ಕೂ ಮೇಲೆ.

"ಆಮೆ ರಾತ್ರಿ ಬಂದು ಇಟ್ಟು ಹೋಗತ್ತೆ. ಬಿಟ್ರೆ ನಾಯಿ ತಿನ್ನತ್ತೆ, ಇಲ್ಲಾ ಮನುಷ್ಯರು ತಿಂತಾರೆ. ಅದಕ್ಕೆ ಎತ್ತಿ ಬೇಲಿ ಒಳಗೆ ಹೂಳ್ತೀವಿ. ಮರಿ ಆದ ಮೇಲೆ ನೀರಿಗೆ ಬಿಡ್ತೀವಿ."

"ಯಾರ ಪರ್ಮಿಷನ್ ಮೇಲೆ?"

ಡಾಕ್ಟರಮ್ಮ ಚೀಲದಿಂದ ಅರಣ್ಯ ಇಲಾಖೆಯ ಪತ್ರ ತೆಗೆದು ಕೊಟ್ಟರು. ಸಾರ್ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮೊಹರನ್ನು ಬೆಳಕಿಗೆ ಹಿಡಿದು ನೋಡಿ, "ಇದರ ಅವಧಿ ಇನ್ನು ನಾಲ್ಕು ತಿಂಗಳಿಗೆ ಮುಗಿಯತ್ತೆ, ಗೊತ್ತಾ?" ಎಂದು ಕೇಳಿದರು. ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಎಲ್ಲರಿಗೂ ಆಮೆ ಮೇಲೆ ಪ್ರೀತಿ, ಕಾಗದ ನೋಡುವವರು ಯಾರೂ ಇಲ್ಲ. ಅವತ್ತೇ ಅವರು ಮೊಟ್ಟೆಯ ಲೆಕ್ಕದ ರಿಜಿಸ್ಟರನ್ನು ಸಾರ್ ಕೈಗೆ ಕೊಟ್ಟುಬಿಟ್ಟರು. ಹೀಗೆ ನಮ್ಮನ್ನು ಹಿಡಿಯಲು ಬಂದವರು ನಮ್ಮವರಾದರು.

ಕೆಲಸ ಹೀಗೆ ನಡೆಯುತ್ತಿತ್ತು. ಬೆಳ್ಳಂಬೆಳಗ್ಗೆ ದಂಡೆಯುದ್ದಕ್ಕೂ ನಡೆದರೆ ಎಲ್ಲೋ ಒಂದು ಕಡೆ ಟ್ರ್ಯಾಕ್ಟರ್ ಚಕ್ರ ಹಾದುಹೋದಂಥ ಗುರುತು ಕಾಣುತ್ತದೆ. ನೀರಿನಿಂದ ಮೇಲೆ ಬಂದ ಆಮೆ ತೆವಳಿದ ಗುರುತು ಅದು. ಆದರೆ ಮೊಟ್ಟೆ ಎಲ್ಲಿದೆ ಎಂದು ಗುರುತು ನೋಡಿ ಹೇಳಲಾಗದು. ಆಮೆ ಸುತ್ತಲಿನ ಮರಳನ್ನೆಲ್ಲ ಕೆದರಿ ಮುಚ್ಚಿಹೋಗಿರುತ್ತದೆ. ಅದನ್ನು ಹುಡುಕಲು ನಮ್ಮಲ್ಲಿ ಒಬ್ಬಳೇ ಇದ್ದಳು, ಕೋಲಜ್ಜಿ. ಎದೆಯೆತ್ತರದ ತೆಳು ಕಬ್ಬಿಣದ ಸರಳನ್ನು ಮರಳಿಗೆ ಮೆಲ್ಲಗೆ ಇಳಿಸುತ್ತ ಹೋಗುವಳು. ಗಟ್ಟಿ, ಗಟ್ಟಿ, ಗಟ್ಟಿ. ಒಂದು ಕಡೆ ಸರಳು ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತಿತ್ತು. ಮೊಟ್ಟೆಗೆ ತಾಗುವ ಮುಂಚೆಯೇ ಅವಳ ಕೈ ನಿಲ್ಲುತ್ತಿತ್ತು. "ಇಲ್ಲಿ ಅಗೀರಿ" ಎನ್ನುವಳು. ಒಮ್ಮೆಯೂ ತಪ್ಪಿದ್ದಿಲ್ಲ.

ಅಲ್ಲೇ ಅಜ್ಜಿ ಮೊಟ್ಟೆಗಳನ್ನು ಎಣಿಸಿ ಹೇಳಿದ್ದನ್ನು ಸಾರ್ ಬರೆದುಕೊಳ್ಳುವರು. ಆಮೇಲೆ ಒಬ್ಬರು ಬಕೆಟ್ ಹೊತ್ತು ದಂಡೆಯ ಆ ತುದಿಯಲ್ಲಿರುವ ಹ್ಯಾಚರಿಗೆ ಒಯ್ಯಬೇಕು. ಹ್ಯಾಚರಿ ಎಂದರೆ ದೊಡ್ಡದೇನಲ್ಲ, ಸುತ್ತ ಬಲೆ ಕಟ್ಟಿ ಬಾಗಿಲಿಗೆ ಬೀಗ ಹಾಕಿದ ಮರಳಿನ ಅಂಗಳ. ಒಳಗೆ ಸಾಲಾಗಿ ಗುಂಡಿಗಳು, ಪ್ರತಿ ಗುಂಡಿಗೆ ಒಂದು ಹಲಗೆ, ಅದರ ಮೇಲೆ ತಾರೀಕು ಮತ್ತು ಮೊಟ್ಟೆಯ ಸಂಖ್ಯೆ. ಹೊತ್ತೊಯ್ಯುವ ಮತ್ತು ಹೂಳುವ ಕೆಲಸ ವಾರದಲ್ಲಿ ನಾಲ್ಕು ದಿನ ಐಸಣ್ಣನದು. ದಂಡೆಯ ಅಂಚಿನಲ್ಲೇ ಇರುವ ಐಸ್ ಫ್ಯಾಕ್ಟರಿಯಲ್ಲಿ ಅವನು ಯಂತ್ರ ನಡೆಸುವವನು. ದಪ್ಪ ತೋಳು, ಮೆತ್ತನೆ ಮಾತು. ಅವನು ತೋಡಿದ ಗುಂಡಿ ಆಮೆಯೇ ತೋಡಿದ ಹಾಗೆ ಇರುತ್ತಿತ್ತು, ಬಾಯಿ ಕಿರಿದು, ಹೊಟ್ಟೆ ಅಗಲ.

ಸಾರ್ ನಂಬುತ್ತಿದ್ದ ಒಬ್ಬ ಮನುಷ್ಯ ಈ ಲೋಕದಲ್ಲಿ ಇದ್ದರೆ ಅದು ಐಸಣ್ಣ. "ಮೂವತ್ತೆರಡು ವರ್ಷದಲ್ಲಿ ಇವನನ್ನ ಎಷ್ಟು ಸಲ ಚೆಕ್ ಮಾಡಿದೀನೋ ಲೆಕ್ಕ ಇಲ್ಲ. ಕೇಳೋ ಮೊದ್ಲೇ ಟಿಕೆಟ್ ಕೈಯಲ್ಲಿ ಇರ್ತಿತ್ತು" ಎಂದು ಎಲ್ಲರ ಮುಂದೆ ಹೊಗಳುತ್ತಿದ್ದರು.

ಕೋಲಜ್ಜಿಯ ವಿಷಯ ಬೇರೆ. ಮೊಟ್ಟೆ ಹುಡುಕುವ ವಿದ್ಯೆ ಅವಳಿಗೆ ಹೇಗೆ ಬಂತು ಎಂದು ಎಲ್ಲರಿಗೂ ಗೊತ್ತಿತ್ತು. ಪ್ರಾಯದಲ್ಲಿ ಅವಳು ಇದೇ ದಂಡೆಯಲ್ಲಿ ಮೊಟ್ಟೆ ಅಗೆದು ಪೇಟೆಗೆ ಒಯ್ದು ಮಾರುತ್ತಿದ್ದಳು. ಡಾಕ್ಟರಮ್ಮ ಅವಳ ಮನೆ ಬಾಗಿಲಿಗೆ ಆರು ಸಲ ಹೋಗಿ ಮನವೊಲಿಸಿ ಕರೆತಂದಿದ್ದರು. ಹ್ಯಾಚರಿಯ ಎರಡು ಬೀಗದ ಕೈಯಲ್ಲಿ ಒಂದು ಡಾಕ್ಟರಮ್ಮನ ಹತ್ತಿರ, ಇನ್ನೊಂದು ಅಜ್ಜಿಯ ಹತ್ತಿರ; ಅವಳ ಮನೆ ಹ್ಯಾಚರಿಯ ಹಿಂದೆಯೇ ಇತ್ತು, ಹಗಲೆಲ್ಲ ಕಾವಲಿಗೆ ಕೂರುತ್ತಿದ್ದಳು. ಇದು ಸಾರ್‌ಗೆ ಸುತರಾಂ ಹಿಡಿಸಲಿಲ್ಲ. ಬಹಳ ವರ್ಷದ ಹಿಂದೆ ಬಸ್ಸಿನಲ್ಲಿ ಅವಳನ್ನು ಟಿಕೆಟ್ ಇಲ್ಲದೆ ಹಿಡಿದಿದ್ದರು. ತೊಡೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ. ನಡುದಾರಿಯಲ್ಲಿ ಇಳಿಸಿದರು. ಇಳಿಯುವಾಗ ಅವಳು ಅವರ ಮುಖ ನೋಡಿ ನಕ್ಕಿದ್ದಳು.

ಒಂಬತ್ತನೇ ಗುಂಡಿಯ ಮರಿಗಳು ನಲವತ್ತೆಂಟನೇ ದಿನ ಸಂಜೆ ಮೇಲೆ ಬಂದವು. ಎಪ್ಪತ್ತು ಮರಿ. ಅಂಗೈಯಲ್ಲಿ ಎರಡು ಹಿಡಿಯುವಷ್ಟು ಚಿಕ್ಕವು, ಕಪ್ಪಗೆ, ರೆಕ್ಕೆಯಂಥ ಕಾಲು ಬಡಿಯುತ್ತ ನೀರಿನ ಕಡೆ ಹೊರಟವು. ಎರಡು ದಿನ ಬಿಟ್ಟು, ಹಿಂದುಳಿದವು ಏನಾದರೂ ಇದ್ದರೆ ಎಂದು ಗುಂಡಿ ಅಗೆದು ಸಿಪ್ಪೆ ಎಣಿಸುವುದು ವಾಡಿಕೆ. ಮುಂಚೆ ಇದನ್ನು ಯಾರೂ ಅಷ್ಟು ತಲೆಗೆ ಹಚ್ಚಿಕೊಂಡಿರಲಿಲ್ಲ. ಸಾರ್ ಮರಳಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಸಿಪ್ಪೆಗಳನ್ನು ಹತ್ತರ ಗುಂಪು ಮಾಡಿ ಇಟ್ಟರು. ಎಪ್ಪತ್ತು ಸಿಪ್ಪೆ. ಕೊಳೆತ ಮೊಟ್ಟೆ ಏಳು. ಹಲಗೆಯ ಮೇಲೆ ಬರೆದದ್ದು ನೂರ ಹದಿನೆಂಟು.

"ನಲವತ್ತೊಂದು ಎಲ್ಲಿ?" ಎಂದರು ಸಾರ್.

"ಏಡಿ ತಿಂದಿರತ್ತೆ ಬಿಡಿ" ಎಂದಳು ಕೋಲಜ್ಜಿ.

"ಏಡಿ ಸಿಪ್ಪೆ ಸಮೇತ ತಿನ್ನತ್ತಾ? ಒಂದು ಚೂರೂ ಉಳಿಸದೆ?"

ಅಜ್ಜಿ ನಕ್ಕಳು. ನಗಬಾರದಿತ್ತು.

ಹನ್ನೆರಡನೇ ಗುಂಡಿಯಲ್ಲಿ ಮೂವತ್ತೆಂಟು ಕಡಿಮೆ. ಹದಿನಾಲ್ಕರಲ್ಲಿ ನಲವತ್ತೆರಡು. ಹತ್ತು, ಹನ್ನೊಂದು, ಹದಿಮೂರರಲ್ಲಿ ಸರಿಯಾಗಿತ್ತು. ಸಾರ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ವಿಚಾರಿಸತೊಡಗಿದರು. ನನ್ನನ್ನೂ ಬಿಡಲಿಲ್ಲ. "ನೀವು ದಿನಾ ಇಷ್ಟು ದೊಡ್ಡ ಚೀಲ ಯಾಕೆ ತರ್ತೀರಮ್ಮ? ಗ್ರಂಥಾಲಯ ತೆಗೆಯೋದು ಒಂಬತ್ತಕ್ಕಲ್ವಾ?" ನನ್ನ ಚೀಲದಲ್ಲಿ ಚಪ್ಪಲಿ, ಟವೆಲ್ಲು, ಬದಲಿ ಬಟ್ಟೆ ಇದ್ದವು. ಆದರೂ ನನ್ನ ಕಿವಿ ಬಿಸಿಯಾಯಿತು. ಮರುದಿನದಿಂದ ಚೀಲ ತರುವುದನ್ನೇ ಬಿಟ್ಟೆ, ಆಮೇಲೆ ಚೀಲ ಬಿಟ್ಟದ್ದೇ ಅನುಮಾನಕ್ಕೆ ಕಾರಣವಾದೀತೇನೋ ಎಂದು ಹೆದರಿ ಮತ್ತೆ ತಂದೆ. ನಾವೆಲ್ಲ ಹಾಗೇ ಆಗಿದ್ದೆವು. ಬಕೆಟ್ಟಿನ ಹತ್ತಿರ ಒಬ್ಬರೇ ನಿಲ್ಲಲು ಯಾರಿಗೂ ಧೈರ್ಯವಿಲ್ಲ. ಮೊದಲು ದಾರಿಯುದ್ದ ಹರಟುತ್ತ ಹೋಗುತ್ತಿದ್ದವರು ಈಗ ಒಬ್ಬರ ಹಿಂದೆ ಒಬ್ಬರು, ಮುಂದಿನವರ ಕೈ ನೋಡಿಕೊಂಡು ನಡೆಯುತ್ತಿದ್ದೆವು.

ಆ ಭಾನುವಾರ ಎಲ್ಲರೂ ಹ್ಯಾಚರಿಯಲ್ಲಿ ಸೇರಿದ್ದಾಗ ಸಾರ್ ಕೋಲಜ್ಜಿಯ ಮುಂದೆ ನಿಂತು, "ಚೀಲ ತೋರಿಸಿ" ಎಂದರು.

"ತೋರಿಸಲ್ಲ ಅಂದ್ರೆ?"

"ಯಾಕೆ ತೋರಿಸಲ್ಲ?"

"ನನ್ನ ಚೀಲ ಅಂತ."

ಡಾಕ್ಟರಮ್ಮ, "ಸಾರ್, ಬೇಡ" ಎನ್ನುವಷ್ಟರಲ್ಲಿ ಅವರು ಚೀಲವನ್ನು ಅವಳ ಕಂಕುಳಿನಿಂದ ಎಳೆದು ಮರಳಿನ ಮೇಲೆ ಬೋರಲು ಹಾಕಿದರು. ಊಟದ ಡಬ್ಬಿ. ಬಾಚಣಿಗೆ. ಮಾತ್ರೆಯ ಪಟ್ಟಿ. ಒಂದು ಕಾಲುಚೀಲ. ಕಾಗದದ ಪೊಟ್ಟಣ. ಸಾರ್ ಪೊಟ್ಟಣ ಬಿಚ್ಚಿದರು. ಒಳಗೆ ಒಣಗಿದ ಆಮೆ ಮೊಟ್ಟೆಯ ಸಿಪ್ಪೆ.

ಸಾರ್ ಕೂತು ಎಣಿಸಿದರು. "ಹದಿನಾಲ್ಕು."

"ನೀವು ಎಣಿಸಿ ಎಸೆದ ಮೇಲೆ ಆಯ್ಕೊಂಡಿದ್ದು. ಕುಟ್ಟಿ ಹೂವಿನ ಗಿಡದ ಬುಡಕ್ಕೆ ಹಾಕ್ತೀನಿ" ಎಂದಳು ಅಜ್ಜಿ. ದನಿ ಏರಲಿಲ್ಲ.

"ಸಾಕ್ಷಿ ಏನು?"

ಅವಳು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನಾನು ಕಾಲ ಬೆರಳಲ್ಲಿ ಮರಳು ಕೆದಕುತ್ತಿದ್ದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅವಳ ಪರವಾಗಿ ನಾನು ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಯಾಕೆಂದರೆ ಆ ಗಳಿಗೆಯಲ್ಲಿ ನನಗೂ ಅವಳ ಮೇಲೆ ಅನುಮಾನವಿತ್ತು.

ಅಜ್ಜಿ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು, ಬೀಗದ ಕೈಯನ್ನು ಡಾಕ್ಟರಮ್ಮನ ಕೈಯಲ್ಲಿಟ್ಟಳು. ಬಾಗಿಲಿಗೆ ಒರಗಿಸಿದ್ದ ಸರಳನ್ನು ಎತ್ತಿಕೊಂಡು, "ಕೋಲು ನಂದು. ಇದಕ್ಕೂ ಸಾಕ್ಷಿ ಬೇಕಾ?" ಎಂದು ಕೇಳಿ ಹೊರಟುಹೋದಳು.

ಅವಳು ಹೋದ ಮೇಲೆ ನಮ್ಮ ಕಣ್ಣೇ ಹೋದ ಹಾಗಾಯಿತು. ಮರುದಿನ ಗುರುತು ಸಿಕ್ಕಿತು, ಮೊಟ್ಟೆ ಸಿಗಲಿಲ್ಲ. ಡಾಕ್ಟರಮ್ಮ ಒಂದು ಸರಳು ತಂದು ಚುಚ್ಚಿದರು. ಮೂರು ಮೊಟ್ಟೆ ಒಡೆದು ಹಳದಿ ಮೇಲೆ ಬಂತು. ಅದರ ಮರುದಿನ ನಾವು ಹೋಗುವಷ್ಟರಲ್ಲಿ ನಾಯಿಗಳು ಎರಡು ಕಡೆ ಅಗೆದಿದ್ದವು. ಹರಿದ ಸಿಪ್ಪೆ ಅಷ್ಟಗಲ ಚೆಲ್ಲಿತ್ತು, ಕಾಗೆಗಳು ಕಿತ್ತಾಡುತ್ತಿದ್ದವು. ಸಾರ್ ಅದನ್ನು ಎಣಿಸಲು ಹೋಗಿ ನಡುವೆ ಬಿಟ್ಟರು.

ಮುಂದಿನದ್ದನ್ನು ನಾನು ಅವರ ಹೆಂಡತಿಯಿಂದ ಕೇಳಿದ್ದು. ಮಧ್ಯಾಹ್ನವೆಲ್ಲ ಸಾರ್ ರಿಜಿಸ್ಟರ್ ಬಿಚ್ಚಿಕೊಂಡು ಸ್ಕೇಲು ಇಟ್ಟು ಸಾಲು ಸಾಲಾಗಿ ನೋಡುತ್ತಿದ್ದರಂತೆ. ಅಜ್ಜಿಯನ್ನು ಕಳಿಸಿದ ಸಮಾಧಾನ ಅವರ ಮುಖದಲ್ಲಿ ಇರಲಿಲ್ಲ. ಹೆಂಡತಿ ಯಂತ್ರ ನಿಲ್ಲಿಸಿ ಕೇಳಿದರು:

"ರೀ, ಅಷ್ಟು ವರ್ಷ ಬಸ್ ಹತ್ತಿದ್ರಲ್ಲ, ಒಂದು ದಿನಾನಾದ್ರೂ ಡ್ರೈವರ್ ಹತ್ರ ಟಿಕೆಟ್ ಕೇಳಿದೀರಾ?"

"ಅವನ ಹತ್ರ ಯಾಕೆ ಕೇಳ್ಲಿ? ಅವನು ಬಸ್ ಓಡಿಸೋನು."

"ಸುಮ್ನೆ ಕೇಳಿದೆ. ನೀವು ಕೇಳದೇ ಇರೋರೂ ಇರ್ತಾರೆ ಅಂತಾಯ್ತು."

ಇಷ್ಟು ಹೇಳಿ ಅವರು ಮತ್ತೆ ಯಂತ್ರ ತುಳಿದರು. ಸಾರ್ ಸ್ಕೇಲನ್ನು ಪಕ್ಕದ ಕಾಲಮ್ಮಿಗೆ ಸರಿಸಿದರು. ಬಕೆಟ್ ಹೊತ್ತವರು ಯಾರು ಎಂಬ ಕಾಲಂ ಅದು, ಅವರದೇ ಕೈಬರಹದಲ್ಲಿ ತುಂಬಿದ್ದು. ಒಂಬತ್ತು, ಐಸಣ್ಣ. ಹನ್ನೆರಡು, ಐಸಣ್ಣ. ಹದಿನಾಲ್ಕು, ಐಸಣ್ಣ. ಸರಿಯಿದ್ದ ಹತ್ತು, ಹನ್ನೊಂದು, ಹದಿಮೂರನ್ನು ಬೇರೆಯವರು ಹೊತ್ತಿದ್ದರು. ಬೀಗದ ಕೈ ಎಲ್ಲ ದಿನವೂ ಅಜ್ಜಿಯ ಹತ್ತಿರವೇ ಇತ್ತು; ಕದಿಯುವವಳು ಐಸಣ್ಣನ ಗುಂಡಿಗಳನ್ನೇ ಆರಿಸಿ ಯಾಕೆ ಕದಿಯಬೇಕು?

ಅವತ್ತು ಸಾರ್ ಊಟ ಮಾಡಲಿಲ್ಲವಂತೆ.

ಮರುದಿನ ನಮ್ಮ ಅದೃಷ್ಟಕ್ಕೆ ಒಂದು ಗೂಡು ಸಿಕ್ಕಿತು, ನೂರ ನಾಲ್ಕು ಮೊಟ್ಟೆ. ಐಸಣ್ಣ ಎಂದಿನಂತೆ ಬಕೆಟ್ಟನ್ನು ಸೈಕಲ್ಲಿನ ಹಿಂದೆ ಮೆತ್ತನೆ ಗೋಣಿಯ ಮೇಲೆ ಇರಿಸಿ ತಳ್ಳಿಕೊಂಡು ಹೊರಟ. ಸಾರ್ ಹಿಂದಿನಿಂದ ಹೊರಟರು, ದೋಣಿಯಿಂದ ದೋಣಿಗೆ ಮರೆಯಾಗುತ್ತ. ಐಸಣ್ಣ ಹ್ಯಾಚರಿಯ ಕಡೆ ಹೋಗಲಿಲ್ಲ. ಐಸ್ ಫ್ಯಾಕ್ಟರಿಯ ಹಿಂಬದಿಗೆ ತಿರುಗಿದ.

ಅಲ್ಲಿ ಫ್ಯಾಕ್ಟರಿಯ ಎತ್ತರದ ಗೋಡೆಯ ನೆರಳು ದಿನವಿಡೀ ಬೀಳುತ್ತದೆ. ಗೋಡೆಯಿಂದ ಹೊರಬಂದ ಕೊಳವೆಯೊಂದು ತಣ್ಣೀರು ತೊಟ್ಟಿಕ್ಕುತ್ತ ಪಕ್ಕದ ಮರಳನ್ನು ತಂಪಾಗಿಟ್ಟಿರುತ್ತದೆ. ಸುತ್ತ ಹಳೆಯ ಬಲೆ, ಒಳಗೆ ಸಾಲಾಗಿ ಕಡ್ಡಿಗಳು, ಪ್ರತಿ ಕಡ್ಡಿಗೂ ಸುಣ್ಣದಲ್ಲಿ ಬರೆದ ಸಂಖ್ಯೆ. ಒಂಬತ್ತು. ಹನ್ನೆರಡು. ಹದಿನಾಲ್ಕು. ಮುಂದೆ ಇನ್ನೂ ಆರು. ಐಸಣ್ಣ ಮೊಣಕಾಲೂರಿ ಹೊಸ ಗುಂಡಿಗೆ ಮೊಟ್ಟೆ ಇಳಿಸುತ್ತಿದ್ದ.

"ಟಿಕೆಟ್" ಎಂದರು ಸಾರ್.

ಅವನು ಬೆಚ್ಚಿದ, ಆದರೆ ಕೈಯಲ್ಲಿದ್ದ ಮೊಟ್ಟೆಯನ್ನು ಬೀಳಿಸಲಿಲ್ಲ. ಅದನ್ನು ಒಳಗಿಟ್ಟು, ಮರಳು ಮುಚ್ಚಿ, ಎದ್ದು ನಿಂತ.

"ಮಾರಿಲ್ಲ ಸಾರ್. ಒಂದೂ ಮಾರಿಲ್ಲ. ಎಲ್ಲಾ ಇಲ್ಲೇ ಇದಾವೆ."

"ಯಾಕೆ ಇಲ್ಲಿ?"

"ಹೋದ ವರ್ಷ ಯಾವುದೋ ಕಾಲೇಜಿಂದ ಒಬ್ರು ಮೇಡಂ ಬಂದು ಹ್ಯಾಚರಿ ಮರಳಿಗೆ ಥರ್ಮಾಮೀಟರ್ ಚುಚ್ಚಿ ನೋಡಿದ್ರು. ಇಷ್ಟು ಬಿಸಿ ಇದ್ರೆ ಹುಟ್ಟೋವೆಲ್ಲ ಹೆಣ್ಣೇ ಆಗತ್ತೆ, ಗಂಡು ಬೇಕಂದ್ರೆ ಮರಳು ತಣ್ಣಗಿರಬೇಕು ಅಂದ್ರು. ಆಮೇಲೆ ಮೊಟ್ಟೆ ಇಡೋದು ಹೇಗೆ ಸಾರ್, ಬರೀ ಹೆಣ್ಣೇ ಆದ್ರೆ? ಡಾಕ್ಟರಮ್ಮನಿಗೆ ಹೇಳಿದೆ. ಪತ್ರದಲ್ಲಿ ಬೇಲಿ ಒಳಗೆ ಮಾತ್ರ ಅಂತ ಇದೆ, ಮುಂದಿನ ವರ್ಷ ನೋಡೋಣ ಅಂದ್ರು. ಮುಂದಿನ ವರ್ಷ ಅಂದ್ರೆ ಈ ವರ್ಷದ್ದು ಹೋದ ಹಾಗೇ ಅಲ್ವಾ? ತಣ್ಣಗೆ ಇಡೋದೇ ನನ್ನ ಕೆಲಸ. ಅದಕ್ಕೇ ಒಂದಷ್ಟು ಇಲ್ಲಿ..."

"ಅಜ್ಜಿ ಚೀಲ ನಾನು ಸುರಿದಾಗ ನೀನು ಎಲ್ಲಿದ್ದೆ?"

"ಅಲ್ಲೇ ಇದ್ದೆ ಸಾರ್."

"ಬಾಯಿ?"

"ಬಾಯೂ ಅಲ್ಲೇ ಇತ್ತು." ಅವನ ಕಣ್ಣು ತುಂಬಿತು. "ಹೇಳಿದ್ರೆ ಇವನ್ನೆಲ್ಲ ಅಗೆದು ಒಳಗೆ ಹಾಕಿ ಅಂತಿದ್ರು. ಒಂದ್ಸಲ ಕೂತ ಮೊಟ್ಟೆ ಅಲುಗಿಸಿದ್ರೆ ಒಳಗಿನ ಜೀವ ಸತ್ತುಹೋಗತ್ತೆ. ಒಂಬತ್ತನೇದರಲ್ಲಿ ಮರಿ ಬರ್ಲಿ, ಜೀವಂತ ಮರಿ ಕಣ್ಣಾರೆ ನೋಡಿದ್ರೆ ಡಾಕ್ಟರಮ್ಮ ಮಿಕ್ಕದ್ದನ್ನ ಮುಟ್ಟಲ್ಲ, ಆಮೇಲೆ ನಾನೇ ಹೇಳ್ಬಿಡೋಣ ಅಂತಿದ್ದೆ."

"ಒಂಬತ್ತು ಆಗ್ಲೇ ಐವತ್ತೇಳು ದಿನ. ಕೊಳೆತಿರತ್ತೆ."

"ತಂಪಲ್ಲಿ ನಿಧಾನ ಆಗತ್ತಂತೆ ಸಾರ್. ಅರವತ್ತು ದಾಟಬಹುದು."

ಸಾರ್ ಆ ಮಾತನ್ನೂ ನಂಬಲಿಲ್ಲ. ಆದರೆ ಅಗೆದು ನೋಡುವ ಹಾಗೂ ಇಲ್ಲ. ಜೀವನದಲ್ಲಿ ಮೊದಲ ಸಲ, ತೆಗೆದು ನೋಡಲಾಗದ ಚೀಲ ಅವರ ಮುಂದಿತ್ತು. ಅವರು ಅಲ್ಲಿಂದ ಡಾಕ್ಟರಮ್ಮನ ದವಾಖಾನೆಗೆ ಹೋಗಲಿಲ್ಲ, ನೇರ ಕೋಲಜ್ಜಿಯ ಮನೆಗೆ ಹೋದರು.

ಅಜ್ಜಿ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಸಾರ್ ಮೆಟ್ಟಿಲ ಕೆಳಗೆ ನಿಂತೇ ಎಲ್ಲ ಹೇಳಿದರು. ತಾವು ಮಾಡಿದ್ದು ತಪ್ಪು ಎಂದೂ ಹೇಳಿದರು. ಆ ಮಾತು ಹೇಳಿ ಅಭ್ಯಾಸವಿಲ್ಲದ್ದಕ್ಕೆ ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕಾಯಿತು. "ಈಗ ನೀವೇ ಹೇಳಿ. ಇವತ್ತೇ ಎಲ್ಲರಿಗೂ ಹೇಳಿದ್ರೆ ನಿಮ್ಮ ಹೆಸರು ಉಳಿಯತ್ತೆ, ಮೊಟ್ಟೆ ಉಳಿಯತ್ತೋ ಇಲ್ವೋ ಗೊತ್ತಿಲ್ಲ. ಕಾಯೋದಾದ್ರೆ ಅಷ್ಟು ದಿನ ಕಳ್ಳಿ ಅನ್ನೋ ಮಾತು ನಿಮ್ಮ ಮೇಲಿರತ್ತೆ."

"ಎಷ್ಟು ದಿನ?"

"ಒಂದು ವಾರ. ಹೆಚ್ಚಂದ್ರೆ ಹತ್ತು ದಿನ."

ಅಜ್ಜಿ ಹೊಸ್ತಿಲ ಮೇಲೆ ಕೂತಳು. "ಅವತ್ತು ಬಸ್ಸಲ್ಲಿ ನನ್ನ ಹತ್ರ ಟಿಕೆಟ್ ಇತ್ತು. ಗಾಳಿಗೆ ಕಿಟಕಿಯಿಂದ ಹಾರಿಹೋಯ್ತು. ಕಂಡಕ್ಟರ್‌ಗೂ ಗೊತ್ತಿತ್ತು, ಅವನು ಬಾಯಿ ಬಿಡಲಿಲ್ಲ. ನೀವು ಇಳಿಸಿದ ಜಾಗದಿಂದ ಹನ್ನೊಂದು ಮೈಲಿ ನಡೆದೆ."

"ನಿಜಾನಾ?" ಸಾರ್ ಬಾಯಿಂದ ತಾನಾಗಿ ಬಂದುಬಿಟ್ಟಿತು.

"ಚೆಕ್ ಮಾಡ್ಕೊಳ್ಳಿ" ಎಂದಳು ಅಜ್ಜಿ. ಆಮೇಲೆ ಹೇಳಿದಳು: "ನಾನು ಕಾಯ್ತೀನಿ. ಆದ್ರೆ ಒಂದು ಮಾತು. ಅಷ್ಟೂ ದಿನ ನೀವು ಬೆಳಗ್ಗೆ ಬಂದು ಈ ಮೆಟ್ಟಿಲ ಮೇಲೆ ಕೂತು ನನ್ನ ಜೊತೆ ಚಹಾ ಕುಡೀಬೇಕು. ಹೋಗೋರು ಬರೋರು ನೋಡ್ಬೇಕು."

ಸಾರ್ ಕೂತರು. ಎಂಟು ಬೆಳಗು ಕೂತರು. ದಂಡೆಗೆ ಹೋಗುವ ದಾರಿ ಅವಳ ಮನೆಯ ಮುಂದೇ ಹಾಯುತ್ತಿದ್ದುದರಿಂದ ಮೀನುಗಾರರು, ಬೆಳಗಿನ ನಡಿಗೆಯವರು, ನಾವು, ಎಲ್ಲರೂ ನೋಡಿದೆವು. ನಮಗೆ ಒಗಟಾಗಿ ಕಂಡಿತು. ಇಬ್ಬರೂ ಸೇರಿಯೇ ಕದ್ದಿರಬೇಕು ಎಂದು ಗುಂಪಿನಲ್ಲಿ ಒಬ್ಬರು ಪಿಸುಗುಟ್ಟಿದರು. ಆ ಪಿಸುಮಾತು ಸಾರ್ ಕಿವಿಗೂ ಬಿತ್ತು. ಅವರು ಲೋಟ ಕೆಳಗಿಟ್ಟರಂತೆ. ತಾವು ಇತರರ ಮೇಲೆ ಇಷ್ಟು ವರ್ಷ ಇಳಿಸಿದ ಭಾರ ಎಷ್ಟು ತೂಗುತ್ತದೆ ಎಂದು ಆಗ ಗೊತ್ತಾಯಿತು ಎಂದು ಮುಂದೆ ನನಗೆ ಹೇಳಿದರು.

ಅರವತ್ತೈದನೇ ದಿನ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ಐಸಣ್ಣ ಓಡಿಬಂದ. ಕಡ್ಡಿಯ ಬುಡದಲ್ಲಿ ಮರಳು ತಟ್ಟೆಯಷ್ಟಗಲ ಕುಸಿದಿತ್ತು. ಸಾರ್ ಎಲ್ಲರನ್ನೂ ಕರೆಸಿದರು, ದವಾಖಾನೆಯಿಂದ ಡಾಕ್ಟರಮ್ಮನನ್ನೂ, ಮನೆಯಿಂದ ಕೋಲಜ್ಜಿಯನ್ನೂ. ನಾವು ಹೋಗುವಷ್ಟರಲ್ಲಿ ಮೊದಲ ತಲೆ ಮೇಲೆ ಬಂದಿತ್ತು. ಆಮೇಲೆ ಮರಳೇ ಕುದಿಯುವ ಹಾಗೆ ಒಂದರ ಮೇಲೊಂದು ಹತ್ತಿ ಬಂದವು. ಮೂವತ್ತಮೂರು.

ಅವು ನೀರು ಮುಟ್ಟಿದ ಮೇಲೆ ಸಾರ್ ನಡೆದದ್ದನ್ನೆಲ್ಲ ಹೇಳಿದರು. ಐಸಣ್ಣನ ಬಾಯಿಂದಲೂ ಹೇಳಿಸಿದರು. ಕೊನೆಗೆ ಕೋಲಜ್ಜಿಯ ಕಡೆ ತಿರುಗಿ, "ಎಲ್ಲರ ಮುಂದೆ ನಿಮ್ಮ ಚೀಲ ಸುರಿದೆ. ಎಲ್ಲರ ಮುಂದೆ ಕ್ಷಮೆ ಕೇಳ್ತಿದೀನಿ" ಎಂದರು. ಅಜ್ಜಿ ತಲೆಯಾಡಿಸಿದಳು, ಅಷ್ಟೆ. ಆಮೇಲೆ ನಮ್ಮ ಕಡೆ ನೋಡಿದಳು. ನಾವೂ ಒಬ್ಬೊಬ್ಬರಾಗಿ ಕೇಳಿದೆವು.

ಡಾಕ್ಟರಮ್ಮನ ಸಿಟ್ಟು ಕೇಳಬೇಕೇ? "ಪರ್ಮಿಷನ್ ರದ್ದಾದ್ರೆ ಇಡೀ ದಂಡೆಯ ಆಮೆಗೆ ಯಾರು ಗತಿ? ಒಂದು ಮಾತು ಜೋರಾಗಿ ಹೇಳಿದ್ರೆ ನಾನೇ ಪತ್ರ ಬರೀತಿದ್ದೆ!" ಎಂದು ಐಸಣ್ಣನನ್ನು ತರಾಟೆಗೆ ತೆಗೆದುಕೊಂಡರು. ಅವನು ತಲೆ ತಗ್ಗಿಸಿ ನಿಂತಿದ್ದ. ಆದರೆ ಮಿಕ್ಕ ಕಡ್ಡಿಗಳನ್ನು ಯಾರೂ ಮುಟ್ಟಲಿಲ್ಲ.

ಸಾರ್ ಡಾಕ್ಟರಮ್ಮನನ್ನು ಕೇಳಿದರು: "ಅದೆಲ್ಲ ಇರ್ಲಿ. ಈಗ ಹೋದವು ಗಂಡೋ ಹೆಣ್ಣೋ?"

"ನೋಡಿ ಹೇಳೋಕಾಗಲ್ಲ ಸಾರ್. ದೊಡ್ಡವಾಗಬೇಕು. ಹತ್ತು ಹದಿನೈದು ವರ್ಷ ಬೇಕು."

"ಅಂದ್ರೆ ಇವನು ಹೇಳಿದ್ದು ನಿಜ ಅನ್ನೋದಕ್ಕೆ..."

"ಸಾಕ್ಷಿ ಇಲ್ಲ."



ಡಾಕ್ಟರಮ್ಮ ಇಲಾಖೆಗೆ ಎಲ್ಲವನ್ನೂ ತಾವೇ ಬರೆದರು. ಖಾರವಾದ ಉತ್ತರ ಬಂತು, ಅದರ ಕೊನೆಯಲ್ಲಿ ಮುಂದಿನ ಹಂಗಾಮಿಗೆ ಗೋಡೆಯ ನೆರಳಿನ ಜಾಗವನ್ನೂ ಬೇಲಿಗೆ ಸೇರಿಸಿಕೊಳ್ಳಬಹುದು ಎಂಬ ಒಂದು ಸಾಲೂ ಇತ್ತು. ಐಸಣ್ಣ ಆ ಹಂಗಾಮು ಮುಗಿಯುವವರೆಗೆ ಬಕೆಟ್ ಮುಟ್ಟಲಿಲ್ಲ. ಬಲೆ ಹೊಲಿಯುತ್ತ, ಹಲಗೆ ಬರೆಯುತ್ತ ಇದ್ದ. ಅಜ್ಜಿ ಅವನ ಜೊತೆ ಮಾತು ಬಿಟ್ಟಳು. ಒಂದು ವರ್ಷ ಬಿಟ್ಟೇ ಇದ್ದಳು. ಬಾಯಿ ಬಿಡಬೇಕಾದಾಗ ಬಿಡದವನ ಹತ್ತಿರ ತನಗೇನು ಮಾತು ಎನ್ನುತ್ತಿದ್ದಳು. ಸಾರ್ ಜೊತೆ ಮಾತ್ರ ಅವಳಿಗೆ ಜಗಳವಾಡುವಷ್ಟು ಸಲಿಗೆ ಬಂತು.

ಸಾರ್ ಬದಲಾದರು ಎಂದರೆ ಸುಳ್ಳಾಗುತ್ತದೆ. ನೆರಳಿನ ಜಾಗಕ್ಕೆ ಥರ್ಮಾಮೀಟರ್ ತಂದಾಗ, ಅದು ಸರಿ ಹೇಳುತ್ತದೆಯೇ ಎಂದು ನೋಡಲು ಇನ್ನೊಂದು ತಂದರು. ಎರಡರಲ್ಲೂ ಬೇರೆ ಬೇರೆ ಬಂದಾಗ ಮೂರನೆಯದು. ಆದರೆ ಯಾರ ಚೀಲಕ್ಕೂ ಮತ್ತೆ ಕೈ ಹಾಕಲಿಲ್ಲ. ಅನುಮಾನ ಬಂದರೆ ಪಕ್ಕಕ್ಕೆ ಕರೆದು, ಕೂರಿಸಿ, "ನನಗೊಂದು ಅನುಮಾನ ಇದೆ, ತಪ್ಪಿದ್ರೆ ಹೇಳಿ" ಎಂದು ಶುರುಮಾಡುತ್ತಿದ್ದರು. ಸಕ್ಕರೆ ಕಾಯಿಲೆಗೆ ಒಂದು ಕಾಲು ಸೋತಮೇಲೂ ಕೋಲಜ್ಜಿಯ ಹೆಜ್ಜೆಗೆ ಹೆಜ್ಜೆ ಹಾಕಿ ದಂಡೆಯ ತುದಿಯವರೆಗೆ ಬರುತ್ತಿದ್ದರು.

ಹೋದ ಹಂಗಾಮಿನಲ್ಲಿ ಒಂದು ಗೂಡಿನ ಮುಂದೆ ಇಬ್ಬರಿಗೂ ಜಟಾಪಟಿ. ಅಜ್ಜಿಯ ಎಣಿಕೆ ನೂರ ಹತ್ತು, ಸಾರ್ ಎಣಿಕೆ ನೂರ ಒಂಬತ್ತು. ಬಿಸಿಲೇರುತ್ತಿದೆ, ಮೊಟ್ಟೆ ಕಾಯುತ್ತದೆ ಎಂದು ಡಾಕ್ಟರಮ್ಮ ಕೂಗಾಡಿದ ಮೇಲೆ ಸಾರ್ ರಿಜಿಸ್ಟರಿನಲ್ಲಿ ನೂರ ಒಂಬತ್ತು ಎಂದು ಬರೆದರು. ಅಜ್ಜಿ ಬಿಡಲಿಲ್ಲ, ಪಕ್ಕದಲ್ಲಿ "ಅಜ್ಜಿಯ ಪ್ರಕಾರ ನೂರ ಹತ್ತು" ಎಂದು ಬರೆಸಿ, ಅದನ್ನು ನನ್ನಿಂದ ಓದಿಸಿ ಕೇಳಿದಳು. ಐವತ್ತೊಂದು ದಿನಕ್ಕೆ ಆ ಗುಂಡಿ ತೆಗೆದು ಸಿಪ್ಪೆಗಳನ್ನು ದಿನಪತ್ರಿಕೆಯ ಮೇಲೆ ಹತ್ತರ ಗುಂಪು ಮಾಡಿ ಇಟ್ಟಾಗ ಸರಿಯಾಗಿ ಹನ್ನೊಂದು ಗುಂಪು ಆದವು. ಅಜ್ಜಿ ಕೈ ಕಟ್ಟಿ ನಿಂತಳು. ಸಾರ್ ಕನ್ನಡಕ ಒರೆಸಿಕೊಂಡು, ಸಿಪ್ಪೆಗಳನ್ನೆಲ್ಲ ಮತ್ತೆ ಒಂದುಗೂಡಿಸಿ, ಒಂದರಿಂದ ಎಣಿಸತೊಡಗಿದರು.